ಗಲ್ಲಾದ ಎದುರು ಕೂಗಿದ ಲೆಕ್ಕ

ನಮ್ಮ ಮನೆಯಲ್ಲಿ ಅಜ್ಜಿಯ ಎದುರು ಹೋಟೆಲಿನ ಹೆಸರೆತ್ತುವ ಹಾಗಿರಲಿಲ್ಲ. "ಯಾರು ಮಾಡಿದ್ದೋ, ಯಾವ ನೀರೋ, ಯಾವ ಎಣ್ಣೆಯೋ" ಎಂದು ಶುರುವಾದರೆ ಅವರ ಮಾತು ರಾತ್ರಿ ಊಟದವರೆಗೂ ನಿಲ್ಲುತ್ತಿರಲಿಲ್ಲ. ಆದರೆ ಗಾಂಧಿಬಜಾರಿಗೆ ತರಕಾರಿ ತರಲು ಹೋದ ನಮ್ಮಪ್ಪ ಕೆಲವು ಭಾನುವಾರ ಅರ್ಧ ಗಂಟೆ ತಡವಾಗಿ ಬರುತ್ತಿದ್ದರು. ಬಂದವರೇ ನೇರವಾಗಿ ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆಯುತ್ತಿದ್ದರು. ಬೆಣ್ಣೆ ಹಾಕಿದ ದೋಸೆಯ ವಾಸನೆ ಬೆರಳಿನಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎನ್ನುವುದು ಅಜ್ಜಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಅರವತ್ತರ ದಶಕದ ಬಸವನಗುಡಿಯ ಮಾತು. ಅಣೆ ಹೋಗಿ ಪೈಸೆ ಬಂದು ಕೆಲವೇ ವರ್ಷಗಳಾಗಿದ್ದವು. 1957ರ ಏಪ್ರಿಲ್ 1ರಂದು ಹೊಸ ಲೆಕ್ಕ ಶುರುವಾಯಿತು. ಅಲ್ಲಿಯತನಕ ರೂಪಾಯಿಗೆ ಹದಿನಾರು ಅಣೆ, ಆಮೇಲೆ ನೂರು ನಯಾಪೈಸೆ. ಮಕ್ಕಳೇ, ನೂರನ್ನು ಹದಿನಾರರಿಂದ ಭಾಗಿಸಿ ನೋಡಿ, ಆರೂಕಾಲು ಬರುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಅಂಗಡಿಯವರು ಕೊಡುವಾಗ ಅಣೆಗೆ ಆರು ಪೈಸೆ, ತೆಗೆದುಕೊಳ್ಳುವಾಗ ಏಳು ಪೈಸೆ ಎನ್ನುತ್ತಿದ್ದರು. ನಾನು ಮುಂದೆ ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಆದರೆ ಲೆಕ್ಕದ ಮೊದಲ ಪಾಠ ಕಲಿತದ್ದು ಹೋಟೆಲಿನ ಗಲ್ಲಾದ ಎದುರು ನಿಂತೇ.

ಅಂದಿನ ಹೋಟೆಲು ಹೇಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ಒಳಗೆ ಕಾಲಿಟ್ಟರೆ ಎಡಕ್ಕೋ ಬಲಕ್ಕೋ ಗಲ್ಲಾ. ಅದರ ಹಿಂದೆ ಯಜಮಾನರು. ಅವರ ತಲೆಯ ಮೇಲೆ ದೇವರ ಪಟ, ಪಟಕ್ಕೆ ಮಲ್ಲಿಗೆ ಹಾರ, ಊದಿನಕಡ್ಡಿ. ಪಕ್ಕದಲ್ಲಿ ಗಾಜಿನ ಬೀರು; ಅದರೊಳಗೆ ಮೈಸೂರುಪಾಕು, ಜಾಮೂನು, ಬಾದಾಮಿ ಹಲ್ವ. ಅಮೃತಶಿಲೆಯ ಹಲಗೆ ಹಾಕಿದ ಮೇಜುಗಳು, ಕೂತರೆ ಕಿರ್ ಎನ್ನುವ ಮರದ ಕುರ್ಚಿಗಳು. ಗೋಡೆಗೆ ದೊಡ್ಡ ಕನ್ನಡಿ, ಅದರ ಪಕ್ಕ ಬೋರ್ಡುಗಳು. "ಇಲ್ಲಿ ರಾಜಕೀಯ ಮಾತನಾಡಬಾರದು" ಎಂಬ ಬೋರ್ಡಿನ ಕೆಳಗೇ ಕೂತು ಹಿರಿಯರು ರಾಜಕೀಯ ಮಾತಾಡುತ್ತಿದ್ದರು. ಮೂಲೆಯಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮು. ಹೆಂಗಸರು ಹೋಟೆಲಿಗೆ ಬಂದರೆ ಆ ಪರದೆಯ ಹಿಂದೆಯೇ ಕೂರಬೇಕು. ನಮ್ಮಮ್ಮ ಮೊದಲ ಸಲ ಹೋಟೆಲಿನ ಕಾಫಿ ಕುಡಿದದ್ದು ಹಾಗೆಯೇ. ಪರದೆ ಸರಿಸಿ ಇಣುಕಿದ ನನ್ನ ಕಿವಿ ಹಿಂಡಿದ್ದರು.

ಮೆನು ಕಾರ್ಡು ಎನ್ನುವುದು ನಮಗೆ ಗೊತ್ತೇ ಇರಲಿಲ್ಲ. ಮಾಣಿ ಬಂದು ನಿಂತು, ಒಂದೇ ಉಸಿರಿನಲ್ಲಿ ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು, ಪೂರಿಸಾಗು, ಖಾಲಿದೋಸೆ, ಮಸಾಲೆದೋಸೆ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ. ಮಾಣಿ ಎಂದರೆ ಕರಾವಳಿಯ ಕಡೆ ಹುಡುಗ ಎಂದರ್ಥ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಹೋಟೆಲು ತೆರೆದವರು ತಮ್ಮೂರಿನ ಹುಡುಗರನ್ನೇ ಕೆಲಸಕ್ಕೆ ಕರೆತರುತ್ತಿದ್ದರು. ಹೀಗಾಗಿ ನಾವು ಘಟ್ಟದ ಮೇಲಿನವರು ಹೋಟೆಲಿನಲ್ಲಿ ತಿಂಡಿ ತಂದುಕೊಡುವವರನ್ನೆಲ್ಲ ಮಾಣಿ ಎಂದೇ ಕರೆದೆವು. ಐವತ್ತು ದಾಟಿದವರೂ ಮಾಣಿಯೇ.

ತಿಂದಾದ ಮೇಲೆ ಬಿಲ್ಲಿನ ಚೀಟಿಯೂ ಇರುತ್ತಿರಲಿಲ್ಲ. ನಾವು ಕೈ ತೊಳೆದು ಗಲ್ಲಾದ ಹತ್ತಿರ ಹೋಗುವಷ್ಟರಲ್ಲಿ ಮಾಣಿ ನಿಂತಲ್ಲಿಂದಲೇ "ಮೂರು ಜನ, ಒಂದು ಹತ್ತು" ಎಂದು ರಾಗವಾಗಿ ಕೂಗುತ್ತಿದ್ದ. ಅಂದರೆ ಮೂವರ ಬಾಬ್ತು ಒಂದು ರೂಪಾಯಿ ಹತ್ತು ಪೈಸೆ. ಐದಾರು ಮೇಜು, ಒಂದೊಂದರಲ್ಲಿ ನಾಲ್ಕು ಜನ, ಒಬ್ಬೊಬ್ಬರು ಒಂದೊಂದು ತಿಂದಿರುತ್ತಾರೆ. ಅಷ್ಟೂ ಅವನ ತಲೆಯಲ್ಲಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರು ಬರೆದ ನಾನು ಹೇಳುತ್ತೇನೆ, ಅಂಥ ಬಾಯಿಲೆಕ್ಕ ನನಗೆ ಈಗಲೂ ಬಾರದು.

ಹೆಸರಾಂತ ಹೋಟೆಲುಗಳನ್ನು ಮೊದಲು ಹೇಳಿಬಿಡುತ್ತೇನೆ. ಅವನ್ನು ಬಿಟ್ಟರೆ ನನ್ನ ಓರಗೆಯವರು ಸುಮ್ಮನಿರುವುದಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಸುತ್ತಲಿನ ಶಾಲೆ ಕಾಲೇಜಿನ ಹುಡುಗರು ಬರುತ್ತಿದ್ದರೆಂದು ಆ ಹೆಸರು. ದೋಸೆ ದಪ್ಪ, ಮೇಲೆ ಗರಿಗರಿ, ಒಳಗೆ ಮೆತ್ತಗೆ. ಅಲ್ಲಿನ ಮಾಣಿಗಳು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಬೆರಳ ತುದಿಯಿಂದ ಭುಜದವರೆಗೆ ಗೋಪುರ ಕಟ್ಟಿಕೊಂಡು ಬರುವುದನ್ನು ನೋಡುವುದೇ ನಮಗೆ ಸರ್ಕಸ್ಸು. ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ 1965ರದ್ದು. ಅಲ್ಲಿ ಇಡ್ಲಿ ವಡೆಗೆ ಸಾಂಬಾರು ಇಲ್ಲ, ಚಟ್ನಿ ಮಾತ್ರ. ಸಾಂಬಾರು ಇಲ್ಲವೆಂದು ಯಾರೂ ಜಗಳ ತೆಗೆದದ್ದನ್ನು ನಾನು ನೋಡಿಲ್ಲ.

ಲಾಲ್‌ಬಾಗಿನಲ್ಲಿ ಸುತ್ತಾಡಿ ಹಸಿವಾದವರಿಗೆ ಮಾವಳ್ಳಿ ಟಿಫಿನ್ ರೂಮ್ಸ್ ಇತ್ತು, ನೀವೆಲ್ಲ ಎಂಟಿಆರ್ ಎನ್ನುವುದು. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಇಟ್ಟದ್ದು. ಮೊದಲಿಗೆ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ರವೆ ಇಡ್ಲಿ ಅವರ ಕೊಡುಗೆ ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬರ್ಮಾ ಹಿಡಿದುಕೊಂಡಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆಗೆ ಮೊಸರು ಕಲಸಿ ಬೇಯಿಸಿದರು. ಯುದ್ಧ ಮುಗಿದು ಅಕ್ಕಿ ಬಂದರೂ ರವೆ ಇಡ್ಲಿ ಹೋಗಲಿಲ್ಲ. ಮುಂದೆ 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಹೋಟೆಲಿನ ತಿಂಡಿಗೆ ಸರ್ಕಾರವೇ ದರ ಕಟ್ಟಿತು. ಆ ದರಕ್ಕೆ ತಮ್ಮ ರುಚಿ ಕೊಡಲಾಗದು ಎಂದು ಎಂಟಿಆರ್‌ನವರು ಹೋಟೆಲಿನ ಬಾಗಿಲು ಹಾಕಿದರು. ಕೆಲಸಗಾರರಿಗೆ ಕೆಲಸ ಬೇಕಲ್ಲ, ಹಿಟ್ಟು, ಪುಡಿ, ತಿಂಡಿಯ ಮಿಶ್ರಣ ಮಾಡಿ ಮಾರತೊಡಗಿದರು. ಇಂದು ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಪೊಟ್ಟಣದ ಹಿಂದೆ ಆ ಕಥೆಯಿದೆ.

ಹೋಟೆಲುಗಳ ಹೆಸರಿನಲ್ಲಿ ಜಾತಿ ಏಕಿತ್ತು ಎಂದು ಮೊಮ್ಮಗಳು ಕೇಳಿದಳು. ಆರನೇ ತರಗತಿ. ಅವಳಿಗೆ ಸುಳ್ಳು ಹೇಳುವುದು ಕಷ್ಟ. ನಮ್ಮಜ್ಜಿ "ಯಾರು ಮಾಡಿದ್ದೋ" ಎಂದದ್ದು ಬರೀ ಶುಚಿಯ ಮಾತಲ್ಲ ಎಂದು ಹೇಳಿದೆ. ಇಂಥವರು ಮಾಡಿದ್ದು ಎಂದು ಬೋರ್ಡು ಹಾಕಿದರೆ ಮಾತ್ರ ಒಳಗೆ ಬರುವ ಜನ ಇದ್ದರು. ಕೆಲವರಿಗೆ ಒಳಗೆ ಜಾಗವೇ ಇಲ್ಲದ ಕಾಲವೂ ಇತ್ತು. ಹೊರಗೆ ನಿಲ್ಲಿಸಿ, ಬೇರೆ ಲೋಟದಲ್ಲಿ ಕೊಡುತ್ತಿದ್ದರು. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಮಾತು ಬಿಡಿಸಿ ಬರೆದಿರುವುದು ಈ ಕಾರಣಕ್ಕೇ. ಜಾತಿ, ಧರ್ಮದ ನೆಪದಲ್ಲಿ ಯಾರನ್ನೂ ಅಲ್ಲಿಗೆ ಬಾರದಂತೆ ತಡೆಯುವ ಹಾಗಿಲ್ಲ. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದು, ತಡೆದವರಿಗೆ ಶಿಕ್ಷೆಯೂ ಆಯಿತು. "ಹೋಟೆಲು ಸಂವಿಧಾನದಲ್ಲಿದೆಯಾ ತಾತ?" ಎಂದು ಅವಳಿಗೆ ಆಶ್ಚರ್ಯ. ಇದೆ ಮಗೂ, ತೆಗೆದು ನೋಡು.

ಇನ್ನು ನಾನು ಹೇಳಬೇಕೆಂದುಕೊಂಡಿದ್ದ ಹೋಟೆಲಿಗೆ ಬರುತ್ತೇನೆ. ಅದು ಹೆಸರಾಂತದ್ದಲ್ಲ. ನಮ್ಮ ಹೈಸ್ಕೂಲಿನಿಂದ ಎರಡು ಬೀದಿ ಆಚೆ ಇತ್ತು. ಹೆಸರು ಬೇಡ; ಯಜಮಾನರ ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಇದ್ದಾರು. ಮಸಾಲೆದೋಸೆಗೆ 40 ಪೈಸೆ, ಜಾಮೂನಿಗೆ 25, ಕಾಫಿಗೆ 15. ನಾವು ನಾಲ್ವರು ಗೆಳೆಯರು ತಿಂಗಳಿಗೊಂದು ಸಲ ಪೈಸೆ ಪೈಸೆ ಕೂಡಿಸಿಕೊಂಡು ಹೋಗುತ್ತಿದ್ದೆವು. ದೋಸೆ ಎರಡು, ನಾಲ್ವರಿಗೆ ಪಾಲು. ಕಾಫಿ ಎರಡು ಬೈಟು. ಚಟ್ನಿ ಮಾತ್ರ ನಾಲ್ಕು ಸಲ.

ನಮ್ಮ ಮೇಜಿನ ಮಾಣಿಗೆ ನಮ್ಮದೇ ವಯಸ್ಸು, ಹೆಚ್ಚೆಂದರೆ ಹನ್ನೆರಡು. ಅವನ ಅಳತೆಗಿಂತ ದೊಡ್ಡದಾದ ಖಾಕಿ ಚಡ್ಡಿ, ಹೆಗಲ ಮೇಲೆ ಒದ್ದೆ ಬಟ್ಟೆ. "ಎಂತ ಕೊಡ್ಲಿ?" ಎನ್ನುತ್ತಿದ್ದ. ಅವನ "ಎಂತ"ವನ್ನು ನಾವು ಅಣಕಿಸಿ ನಗುತ್ತಿದ್ದೆವು. ಅವನೂ ನಗುತ್ತಿದ್ದ. ನಮ್ಮಲ್ಲೊಬ್ಬ ಶಾಲೆಯ ಚೀಲವನ್ನು ಮೇಜಿನ ಮೇಲಿಟ್ಟರೆ, ನೀರು ಒರೆಸುವ ನೆಪದಲ್ಲಿ ಅದನ್ನು ಎತ್ತಿ, ಹೊರಗೆ ಇಣುಕುವ ಪುಸ್ತಕದ ಬೆನ್ನನ್ನು ಓದಿ, ಮತ್ತೆ ಇಡುತ್ತಿದ್ದ.

ಒಂದು ಶನಿವಾರ ಆಸೆ ಹೆಚ್ಚಾಯಿತು. ಕೈಯಲ್ಲಿದ್ದದ್ದು ದೋಸೆ ಕಾಫಿಗಷ್ಟೇ ಸಾಲುವ ಹಣ. ಆದರೂ ಎರಡು ಜಾಮೂನು ತರಿಸಿದೆವು. ತಿಂದು, ಆ ಎರಡು ಬಟ್ಟಲನ್ನು ಪಕ್ಕದ ಖಾಲಿ ಮೇಜಿನ ಎಂಜಲು ತಟ್ಟೆಗಳ ನಡುವೆ ಸರಿಸಿಬಿಟ್ಟೆವು. ಸರಿಸಿದ ಕೈ ನನ್ನದೇ. ಮಧ್ಯಾಹ್ನದ ಗಲಾಟೆ ಬೇರೆ. ಮಾಣಿ ಮೇಜಿನ ಮೇಲಿದ್ದದ್ದನ್ನು ನೋಡಿ "ನಾಲ್ಕು ಜನ, ಒಂದು ಹತ್ತು" ಎಂದು ಕೂಗಿದ. ಐವತ್ತು ಪೈಸೆ ಉಳಿಯಿತು. ಹೊರಗೆ ಬಂದು ಬಿದ್ದು ಬಿದ್ದು ನಕ್ಕೆವು. ಯಜಮಾನರಿಗೆ ಟೋಪಿ ಹಾಕಿದೆವು ಎಂದು ನಮ್ಮ ಲೆಕ್ಕ.

ಮುಂದಿನ ತಿಂಗಳು ಹೋದಾಗ ಆ ಮಾಣಿ ಮೇಜಿಗೆ ಬರಲಿಲ್ಲ. ಹಿಂದಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದ. ವಯಸ್ಸಾದ ಮಾಣಿಯೊಬ್ಬರು ಇನ್ನೊಬ್ಬರೊಂದಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಬೀರುವಿನ ಜಾಮೂನನ್ನು ಯಜಮಾನರು ಬೆಳಿಗ್ಗೆ ಎಣಿಸಿ ಇಡುತ್ತಾರೆ, ರಾತ್ರಿ ಎಣಿಸುತ್ತಾರೆ. ಎರಡು ಕಡಿಮೆ ಬಂತು. ಹುಡುಗನಿಗೆ ಎರಡು ಬಿಟ್ಟರು, ಸಂಬಳದಲ್ಲಿ ಹಿಡಿದರು, "ಲೆಕ್ಕ ಬಾರದವನು ಮೇಜಿಗೆ ಬೇಡ" ಎಂದು ತೊಳೆಯುವುದಕ್ಕೆ ಹಾಕಿದರು.

ನಾವು ನಾಲ್ವರೂ ತಲೆ ಎತ್ತಲಿಲ್ಲ. ಎದ್ದು ಹೋಗಿ "ತಪ್ಪು ನಮ್ಮದು" ಎನ್ನಬಹುದಿತ್ತು. ಎನ್ನಲಿಲ್ಲ. ದೋಸೆ ತಿಂದು, ಸರಿಯಾಗಿ ದುಡ್ಡು ಕೊಟ್ಟು ಬಂದೆವು. ಆಮೇಲೆ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟೆವು. ನಾಲ್ವರಲ್ಲಿ ಯಾರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ವರ್ಷಗಳು ಕಳೆದವು. ನಾನು ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. 1969ರ ಜುಲೈಯಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ಸಣ್ಣವರೂ ಖಾತೆ ತೆರೆಯಬೇಕು, ಅವರನ್ನು ಕರೆತನ್ನಿ ಎಂದು ನಮಗೆ ಮೇಲಿನಿಂದ ಹೇಳುತ್ತಿದ್ದ ಕಾಲ. ಹೂವಿನವರು, ತರಕಾರಿಯವರು, ಹೋಟೆಲಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೆದರುತ್ತಾ ಒಳಗೆ ಬರುತ್ತಿದ್ದರು. ಹಾಗೆ ಒಂದು ದಿನ ಬಂದವನು ಕೌಂಟರಿನ ಎದುರು ನಿಂತು, "ಒಂದು ಖಾತೆ ಮಾಡಿಸ್ಬೇಕಿತ್ತು ಸಾರ್, ಎಂತೆಲ್ಲ ಬೇಕು?" ಎಂದ. ಆ "ಎಂತ" ಕೇಳಿ ತಲೆಯೆತ್ತಿದೆ. ಮೀಸೆ ಬಂದಿತ್ತು. ಉಳಿದದ್ದೆಲ್ಲ ಅದೇ.

ಅರ್ಜಿ ತೆಗೆದು ಪೆನ್ನು ಹಿಡಿದೆ. ಮೊದಲ ಸಾಲಿನಲ್ಲೇ ಕೈ ನಿಂತಿತು. ಅಲ್ಲಿ ಖಾತೆದಾರನ ಹೆಸರು ಬರೆಯಬೇಕು. ಎರಡು ವರ್ಷ ಅವನ ಕೈಯಿಂದ ತಿಂಡಿ ತಿಂದಿದ್ದೆ, ಹೆಸರು ಗೊತ್ತಿರಲಿಲ್ಲ. ಕೇಳಿದೆ, ಹೇಳಿದ, ಬರೆದುಕೊಂಡೆ. ಒಳ್ಳೆಯ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಗ್ರಾಹಕರ ಹೆಸರನ್ನು ಹೊರಗೆ ಹೇಳುವ ಅಭ್ಯಾಸ ಬ್ಯಾಂಕಿನವನಿಗೆ ನಿವೃತ್ತಿಯಾದ ಮೇಲೂ ಬರುವುದಿಲ್ಲ. ಸಹಿಯ ಜಾಗದಲ್ಲಿ ಅವನು ಕನ್ನಡದಲ್ಲಿ, ದುಂಡಗೆ, ಪೂರ್ತಿ ಹೆಸರು ಬರೆದ. ಊರಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಂದವನು, ಆಮೇಲೆ ತಿಂಡಿ ಕಟ್ಟುವ ಹಳೆಯ ಪೇಪರು ಓದಿ ಓದಿ ಅಕ್ಷರ ಉಳಿಸಿಕೊಂಡಿದ್ದನಂತೆ.

ಐದು ರೂಪಾಯಿ ಕಟ್ಟಿ ಪಾಸ್‌ಪುಸ್ತಕ ತೆಗೆದುಕೊಂಡು ಹೊರಟವನನ್ನು ನಿಲ್ಲಿಸಿದೆ. ಜಾಮೂನಿನ ಮಾತು ಹೇಳಲು ನಾಲಿಗೆ ಒಣಗಿತು. ಹೇಗೋ ಹೇಳಿದೆ. ಅವನು ನಕ್ಕ. "ಅದು ನೀವೇ ಅಂತ ಅವತ್ತೇ ಗೊತ್ತಿತ್ತು ಸಾರ್. ಪಕ್ಕದ ಮೇಜಿನವರು ಬರೀ ಕಾಫಿ ಕುಡ್ದು ಹೋದವರು."

"ಮತ್ತೆ ಯಜಮಾನರಿಗೆ ಹೇಳಲಿಲ್ಲ ಯಾಕೆ?"

"ಹೇಳಿದೆ. ಶಾಲೆ ಮಕ್ಕಳ ಮೇಲೆ ಹಾಕ್ತೀಯಾ ಅಂತ ಇನ್ನೊಂದು ಬಿತ್ತು."

ನಾನು ಜೇಬಿಗೆ ಕೈ ಹಾಕಿದೆ. ಅವನು ತೆಗೆದುಕೊಳ್ಳಲಿಲ್ಲ. "ದುಡ್ಡು ಬೇಡ. ಒಂದು ಕಾಫಿ ಕುಡಿಸಿ. ಆದ್ರೆ ಬೇರೆಯವರು ತಂದು ಕೊಡ್ಬೇಕು, ನಾನು ಕೂತಿರ್ಬೇಕು" ಎಂದ.

ಅವನಿಗೆ ರಜೆ ಇದ್ದ ದಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿಗೆ ಕರೆದುಕೊಂಡು ಹೋದೆ. ಅಲ್ಲಿಗೇ ಏಕೆ ಎಂದರೆ, ಅದು ಕೆಲಸಗಾರರದೇ ಹೋಟೆಲು. ಮೊದಲು ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಐವತ್ತರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಎ.ಕೆ. ಗೋಪಾಲನ್ ಅವರಂಥ ನಾಯಕರ ಬೆಂಬಲದಿಂದ ಅವರೇ ಸಹಕಾರ ಸಂಘ ಕಟ್ಟಿಕೊಂಡು ಹೋಟೆಲು ವಹಿಸಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಇದನ್ನೆಲ್ಲ ಬಸ್ಸಿನಲ್ಲಿ ಅವನಿಗೆ ಹೇಳಿದೆ. "ಹಾಗಾದ್ರೆ ಅಲ್ಲಿ ಜಾಮೂನು ಎಣಿಸುವವರು ಯಾರು?" ಎಂದು ಕೇಳಿದ.

ಬಿಳಿ ಉಡುಪು, ತಲೆಗೆ ಪೇಟ, ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿದ ಹಿರಿಯರೊಬ್ಬರು ಬಂದು ಕಾಫಿ ಇಟ್ಟರು. ಇವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಕುಡಿದು ಮುಗಿಸಿದವನೇ, ನಾನು ನೋಡುತ್ತಿದ್ದಂತೆ, ತನ್ನ ಕಪ್ಪು ನನ್ನ ಕಪ್ಪು ಎರಡನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡು ಎದ್ದುಬಿಟ್ಟ. ಎರಡು ಹೆಜ್ಜೆ ಹೋದ ಮೇಲೆ ನೆನಪಾಯಿತು. ಪೇಟದ ಹಿರಿಯರು ನಗುತ್ತಾ ಅವನ ಕೈಯಿಂದ ಕಪ್ಪು ತೆಗೆದುಕೊಂಡು, "ಯಾವ ಹೋಟೆಲಪ್ಪಾ?" ಎಂದರು.

ಕೆಲವು ವರ್ಷ ಅವನು ತಿಂಗಳಿಗೊಮ್ಮೆ ಬಂದು ಹಣ ಕಟ್ಟುತ್ತಿದ್ದ. ಹತ್ತು, ಹದಿನೈದು, ದೀಪಾವಳಿಯ ತಿಂಗಳು ಇಪ್ಪತ್ತೈದು. ಬಂದಾಗಲೆಲ್ಲ ನಾನು ಅವನನ್ನು ಹೆಸರಿಡಿದು ಕರೆಯುತ್ತಿದ್ದೆ, ಬೇಕೆಂದೇ ಸ್ವಲ್ಪ ಜೋರಾಗಿ. ಮುಂದೆ ಊರಿನಲ್ಲಿ ಚಿಕ್ಕದೊಂದು ಕ್ಯಾಂಟೀನು ಇಡುವುದಾಗಿ ಹೇಳಿ ಖಾತೆಯನ್ನು ಕುಂದಾಪುರದ ಕಡೆಗೆ ವರ್ಗ ಮಾಡಿಸಿಕೊಂಡ. ವರ್ಗದ ಕಾಗದವನ್ನು ಬರೆದವನೂ ನಾನೇ.

ಈ ಕಥೆ ಕೇಳಿದ ಮೇಲೆ ಮೊಮ್ಮಗಳ ಪ್ರಶ್ನೆ ಒಂದೇ: "ಅವನು ಸ್ಕೂಲಿಗೆ ಯಾಕೆ ಹೋಗ್ತಿರಲಿಲ್ಲ? ಯಾರೂ ಕೇಳಲಿಲ್ವಾ?" ಕೇಳಲಿಲ್ಲ ಮಗೂ. ಹೋಟೆಲಿನಲ್ಲಿ ಚಿಕ್ಕ ಹುಡುಗ ತಟ್ಟೆ ಎತ್ತುವುದು, ಮಳೆಗಾಲದಲ್ಲಿ ಮಳೆ ಬರುವಷ್ಟೇ ಸಹಜ ಎಂದುಕೊಂಡಿದ್ದೆವು. ಮುಂಬಯಿಯಲ್ಲಿ ಹೋಟೆಲು ಹುಡುಗರಿಗಾಗಿಯೇ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿದ ಪುಣ್ಯಾತ್ಮರಿದ್ದರು. ಅಲ್ಲಿ ಓದಿ ಮೇಲೆ ಬಂದವರೂ ಇದ್ದಾರೆ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂದರೂ ಹೋಟೆಲಿನ ಕೆಲಸ ಅದರ ನಿಷೇಧದ ಪಟ್ಟಿಯಲ್ಲಿರಲಿಲ್ಲ. 2006ರ ಅಕ್ಟೋಬರಿನಲ್ಲಿ ಹೋಟೆಲು, ಡಾಬಾ, ಮನೆಗೆಲಸವೂ ಸೇರಿದವು. 14 ವರ್ಷದೊಳಗಿನವರನ್ನು ಅಲ್ಲಿ ದುಡಿಸುವಂತಿಲ್ಲ. ಕಾಯ್ದೆ ಬಂದ ಮೇಲೂ ನಾನು ಹೆದ್ದಾರಿಯ ಡಾಬಾವೊಂದರಲ್ಲಿ ಅಂಥ ಹುಡುಗನನ್ನು ನೋಡಿದ್ದೇನೆ. ಆ ಸಲ ಸುಮ್ಮನೆ ತಿಂದು ಬರಲಿಲ್ಲ, ಕೇಳಿದೆ. ಮಾಲೀಕನಿಗೆ ಸಿಟ್ಟು ಬಂತು, ನಮ್ಮ ಮನೆಯವರಿಗೆ ಮುಜುಗರವಾಯಿತು. ಆಗಲಿ.

ಜಾಮೂನಿನ ಹೋಟೆಲಿದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಮಿಕ್ಕ ಕಡೆಯೆಲ್ಲ ದರ್ಶಿನಿಗಳು. ನಿಂತುಕೊಂಡೇ ತಿನ್ನಬೇಕು, ನನ್ನ ಮಂಡಿ ಒಪ್ಪುವುದಿಲ್ಲ. ಆದರೂ ದೂರುವುದಿಲ್ಲ. ಅಲ್ಲಿ ಪರದೆಯಿಲ್ಲ, ಯಾರು ಯಾರ ಪಕ್ಕ ಬೇಕಾದರೂ ನಿಂತು ತಿನ್ನುತ್ತಾರೆ. ಇಡ್ಲಿಯೂ ಬಿಸಿಯಾಗಿರುತ್ತದೆ.

ಮೊಮ್ಮಗಳಿಗೆ ತಟ್ಟೆಯ ಗೋಪುರ ನೋಡಬೇಕಿತ್ತು. ಕಳೆದ ರಜೆಯಲ್ಲಿ ಅವಳನ್ನು ಬೆಳಿಗ್ಗೆಯೇ ಎಬ್ಬಿಸಿ, ಹಲ್ಲುಜ್ಜಿಸಿ, ಆಟೋ ಹಿಡಿದು ಗಾಂಧಿಬಜಾರಿಗೆ ಹೋದೆ. ದಾರಿಯುದ್ದಕ್ಕೂ ನನ್ನದೇ ಮಾತು. ಇಳಿದು ನೋಡಿದರೆ ವಿದ್ಯಾರ್ಥಿ ಭವನದ ಬಾಗಿಲು ಹಾಕಿದೆ. ಅಂದು ಶುಕ್ರವಾರ. ಶುಕ್ರವಾರ ಅಲ್ಲಿಗೆ ರಜೆ ಎನ್ನುವುದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೊತ್ತಿದ್ದ ವಿಷಯ, ಮರೆತೇ ಹೋಗಿತ್ತು. "ತಾತ, ನೀವು ಬ್ಯಾಂಕಲ್ಲಿ ಲೆಕ್ಕ ಬರೀತಿದ್ರಾ ನಿಜವಾಗ್ಲೂ?" ಎಂದಳು. ಶಂಕರಪುರದ ತನಕ ನಡೆಯೋಣ, ಇಡ್ಲಿ ತಿನ್ನುವಿಯಂತೆ, ಎಂದು ಅವಳ ಕೈ ಹಿಡಿದುಕೊಂಡೆ.